ಮೇಷ್ಟ್ರ ಮೂರು ಜನರೇಟರ್‌ಗಳು

"ನನ್ನ ಹೆಂಡತಿ ಅಂಗಡಿಗೆ ಹೊರಗಿನ ಬಡಗಿ ಬರಬೇಕಾ? ಯಾಕೆ, ನಾನೇನು ಸತ್ತು ಹೋಗಿದೀನಾ?"

ಊಟದ ತಟ್ಟೆಯ ಮುಂದೆ ಎದ್ದು ನಿಂತು ಮೇಷ್ಟ್ರು ಹೀಗೆ ಗುಡುಗಿದಾಗ ಮೇಜಿನ ಮೇಲಿದ್ದ ಲೋಟಗಳೂ ಗಾಬರಿಯಾದವು. ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಹೇಳಿಕೊಟ್ಟ ಗಂಟಲು ಅದು. ಹಿಂದಿನ ಬೆಂಚಿನಲ್ಲಿ ತೂಕಡಿಸುವವರನ್ನು ಎಬ್ಬಿಸಿ ಎಬ್ಬಿಸಿಯೇ ಪಳಗಿತ್ತು. ಎದುರಿಗೆ ಕೂತಿದ್ದ ಅವರ ಹೆಂಡತಿಗೆ ಮಾತ್ರ ಈ ಗುಡುಗು ಹೊಸದೇನಲ್ಲ. ಆಕೆ ಊರಿಗೆಲ್ಲ ಟೈಲರಮ್ಮ. ಬಟ್ಟೆ ಹೊಲಿಯುವ ಕೈ, ಕಮ್ಮಿ ಮಾತು.

"ಸತ್ತಿಲ್ಲ. ಹಾಗಂತ ಬಡಗಿಯೂ ಅಲ್ವಲ್ಲ," ಎಂದರು ಆಕೆ.

"ಬಡಗಿ ಅಂದ್ರೆ ಯಾರು? ಅಳತೆ ಗೊತ್ತಿರೋನು! ಕೋನ ಗೊತ್ತಿರೋನು! ಬಲ ಗೊತ್ತಿರೋನು! ಇದೆಲ್ಲ ಯಾರ ಪಾಠ? ನನ್ನ ಪಾಠ!"

"ಹೋದ ವರ್ಷ ನೀವು ನಮ್ಮ ಗೋಡೆಗೆ ಒಂದು ಮೊಳೆ ಹೊಡೆದ್ರಿ. ಪಕ್ಕದ ಮನೆಯೋರ ಫೋಟೋ ಬಿತ್ತು."

"ಅದು ಗೋಡೆಯ ತಪ್ಪು!"

ಸಂಗತಿ ಇಷ್ಟು. ಹನ್ನೊಂದು ವರ್ಷದಿಂದ ಟೈಲರಮ್ಮನ ತುಳಿಯುವ ಮಶೀನು ಮನೆಯ ನಡುಕೋಣೆಯಲ್ಲಿ, ಫ್ರಿಜ್ಜಿಗೂ ಮಂಚಕ್ಕೂ ನಡುವೆ ಮೈ ಹಿಡಿಮಾಡಿಕೊಂಡು ನಿಂತಿತ್ತು. ನೀರು ಕುಡಿಯಲು ಬಂದವರು, ಚಾರ್ಜರ್ ಹುಡುಕಲು ಬಂದವರು, ಸುಮ್ಮನೆ ಬಂದವರು ಎಲ್ಲರೂ ಕತ್ತರಿಸಿಟ್ಟ ಬಟ್ಟೆಯ ಮೇಲೆ ಕಾಲಿಟ್ಟೇ ದಾಟಬೇಕು. ಒಮ್ಮೆ ಮೇಷ್ಟ್ರು ಉತ್ತರಪತ್ರಿಕೆ ತಿದ್ದುವ ಕೆಂಪು ಇಂಕಿನ ಬಾಟಲಿಯನ್ನು ನರ್ಸೊಬ್ಬರ ಬಿಳಿ ಕೋಟಿನ ಮೇಲೆ ಉರುಳಿಸಿದ್ದರು. ಆ ಕೋಟು ತೊಟ್ಟು ಆಸ್ಪತ್ರೆಗೆ ಹೋಗಿದ್ದರೆ ರೋಗಿಗಳೇ ಆಕೆಗೆ ಬ್ಯಾಂಡೇಜು ಕಟ್ಟುತ್ತಿದ್ದರು! ಈಗ ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಹೊಸ ಮಳಿಗೆ ಸಾಲಿನಲ್ಲಿ ಹತ್ತಡಿ ಅಗಲದ ಒಂದು ಅಂಗಡಿ ಸಿಕ್ಕಿತ್ತು. ಟೈಲರಮ್ಮ ಕೇಳಿದ್ದು ಒಂದೇ ಒಂದು.

"ಅಡ್ಡಕ್ಕೆ ಒಂದು ಕೌಂಟರ್ ಬೇಕು ರೀ. ಈ ಕಡೆ ಗಿರಾಕಿ. ಆ ಕಡೆ ನಾನು, ನನ್ನ ಮಶೀನು, ನನ್ನ ಕತ್ತರಿ. ಹೊಲೀತಾ ಕೂತಾಗ ಯಾರೂ ಬಂದು ತುಳೀಬಾರದು."

ಆಕೆ ಇದನ್ನು ತಟ್ಟೆ ನೋಡಿಕೊಂಡು ಮೆಲ್ಲಗೆ ಹೇಳಿದ್ದರು. ಮೇಷ್ಟ್ರ ಕರುಳು ಚುರುಕ್ ಎಂದಿತು. ಗುಡುಗಿದ್ದು ಆ ಚುರುಕ್ ಅನ್ನು ಮುಚ್ಚಿಕೊಳ್ಳಲಿಕ್ಕೇ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅಂಗಡಿ ಶುರು ಎಂದು ಆಗಲೇ ಎಲ್ಲರಿಗೂ ಹೇಳಿಯಾಗಿತ್ತು. ಆಸ್ಪತ್ರೆಯಿಂದ ಹನ್ನೆರಡು ಜನ ನರ್ಸುಗಳು ಹೊಸ ಕೋಟಿಗೆ ಅಳತೆ ಕೊಡಲು ಬರುವವರಿದ್ದರು. "ಅಂಗಡಿ ಅಂತ ಇದ್ರೆ ವರ್ಷವರ್ಷವೂ ನಿಮಗೇ ಕೊಡ್ತೀವಿ, ಮನೆಗೆಲ್ಲ ಅಲೆಯೋಕೆ ಆಗಲ್ಲ," ಎಂದು ಹಿರಿಯ ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದರು. ಮಾತು ತಪ್ಪಿದರೆ ಹನ್ನೆರಡು ಕೋಟೂ ಇನ್ನೊಬ್ಬ ಟೈಲರ್ ಪಾಲು.

ಮೇಷ್ಟ್ರು ಬಡಗಿಗೆ ಫೋನ್ ಮಾಡಿ, "ನೀವು ಬರೋದು ಬೇಡ, ನಿಮ್ಮ ಮರ ಕೊಯ್ಯೋ ಮಶೀನು ಮತ್ತು ಡ್ರಿಲ್ಲು ಮಾತ್ರ ಕಳಿಸಿ," ಎಂದರು. ಕೆಲಸವಿಲ್ಲದೆ ಬಾಡಿಗೆ ಬರುವುದಾದರೆ ಯಾರಿಗೆ ಬೇಡ? ಬಡಗಿ ಖುಷಿಯಿಂದ ಕಳಿಸಿದ. ಹಲಗೆಗಳು ಬಂದವು, ಸ್ಕ್ರೂ ಬಂದವು, ಅಂಟಿನ ಡಬ್ಬ ಬಂತು. ಬರದಿದ್ದದ್ದು ಕರೆಂಟು! ಆ ಇಡೀ ಮಳಿಗೆ ಸಾಲಿಗೇ ಇನ್ನೂ ಮೀಟರ್ ಹಾಕಿರಲಿಲ್ಲ. ಹಲಗೆಗಳನ್ನು ಮನೆಗೆ ಒಯ್ಯೋಣವೆಂದರೆ ಮೂರನೇ ಮಹಡಿ. ಮೆಟ್ಟಿಲ ತಿರುವಿನಲ್ಲಿ ಮೇಷ್ಟ್ರೇ ಕಷ್ಟಪಟ್ಟು ತಿರುಗುತ್ತಿದ್ದರು.

"ಜನರೇಟರ್!" ಎಂದರು ಮೇಷ್ಟ್ರು, ಅದನ್ನು ತಾವೇ ಕಂಡುಹಿಡಿದವರಂತೆ.

ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಾಕೆ ಒಂದು ಕಾಲದಲ್ಲಿ ಅವರದೇ ವಿದ್ಯಾರ್ಥಿನಿ. ಮೇಷ್ಟ್ರನ್ನು ಕಂಡವಳೇ ಎದ್ದು ಕುರ್ಚಿ ಕೊಟ್ಟಳು. ಮೇಷ್ಟ್ರು ಕೂರಲಿಲ್ಲ. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ತೀರ್ಪು ಓದಿದಂತೆ ಓದಿದರು: "ಮರ ಕೊಯ್ಯುವ ಮಶೀನು, ಸಾವಿರದ ನಾನೂರು ವ್ಯಾಟ್. ಒಂದು ಬಲ್ಬು, ಅರವತ್ತು. ಡ್ರಿಲ್ಲು ಬೇರೆ ಹೊತ್ತಿಗೆ, ಆದ್ದರಿಂದ ಲೆಕ್ಕಕ್ಕಿಲ್ಲ. ಒಟ್ಟು ಸಾವಿರದ ನಾನೂರ ಅರವತ್ತು."

"ಸರ್, ಆದ್ರೆ ಆ ಮಶೀನು ಶುರುವಾಗುವಾಗ..."

"ನನಗೇ ಹೇಳಿಕೊಡ್ತೀಯಾ? ವಿದ್ಯುತ್ ಪಾಠದಲ್ಲಿ ನಿನಗೆ ಎಷ್ಟು ಬಂದಿತ್ತು?"

"ನೂರಕ್ಕೆ ಹದಿಮೂರು ಸರ್," ಎಂದಳು ಆಕೆ, ಒಂದಿಷ್ಟೂ ಬೇಸರವಿಲ್ಲದೆ.

"ಹಾಗಾದ್ರೆ ಸಾವಿರದ ಐನೂರರದ್ದು ಕೊಡು. ನಲವತ್ತು ವ್ಯಾಟ್ ಜಾಸ್ತಿನೇ ಆಯ್ತು. ಇರಲಿ, ನಾನು ಧಾರಾಳಿ!"

ಆಕೆ ಬಾಯಿ ತೆರೆದಳು, ಮೇಷ್ಟ್ರ ಹುಬ್ಬು ನೋಡಿ ಮುಚ್ಚಿದಳು. "ಬದಲಾಯಿಸಬೇಕಾದ್ರೆ ಫೋನ್ ಮಾಡಿ ಸರ್," ಎಂದಷ್ಟೇ ಹೇಳಿ ಸಾಮಾನು ಎತ್ತಿಸಿದಳು.

ಶನಿವಾರ ಬೆಳಗ್ಗೆ ಒಂಬತ್ತು ಗಂಟೆಗೆ ಮಹಾಕಾರ್ಯ ಆರಂಭ! ಸಹಾಯಕ್ಕೆ ಬಾಮೈದ ಬಂದಿದ್ದ. ಅವನು ಬಸ್ ಕಂಡಕ್ಟರ್. ರಜೆಯ ದಿನವೂ ಬಾಯಲ್ಲಿ ಬಸ್ಸು ಓಡುತ್ತಲೇ ಇರುತ್ತಿತ್ತು. ಸೂಟ್‌ಕೇಸಿನಷ್ಟೇ ಇದ್ದ ಕೆಂಪು ಜನರೇಟರನ್ನು ಅಂಗಡಿಯ ಹೊರಗೆ ಇಟ್ಟು, ಮೇಷ್ಟ್ರು ಹಗ್ಗ ಎಳೆದರು. ಅದು ಗುರ್ ಎಂದಿತು. ಬಲ್ಬು ಝಗ್ಗನೆ ಹತ್ತಿತು.

"ನೋಡಿದ್ಯಾ?" ಎಂದು ಮೇಷ್ಟ್ರು ಎದೆಯುಬ್ಬಿಸಿದರು. "ಈಗ ಮಶೀನು!"

"ರೈಟ್!" ಎಂದ ಬಾಮೈದ, ಸ್ವಿಚ್ ಒತ್ತಿದ.

ಮಶೀನು 'ಉಂ' ಎಂದಿತು. ಜನರೇಟರ್ 'ಕೊಕ್' ಎಂದಿತು. ಬಲ್ಬು ಏನೂ ಅನ್ನದೆ ಕಣ್ಣು ಮುಚ್ಚಿತು.

"ಹೋಲ್ಡಾನ್! ಹೋಲ್ಡಾನ್!" ಎಂದು ಬಾಮೈದ ಗೋಡೆ ಬಡಿದ.

ಮತ್ತೆ ಹಗ್ಗ, ಮತ್ತೆ ಗುರ್, ಮತ್ತೆ ರೈಟ್, ಮತ್ತೆ ಕೊಕ್. ಬಲ್ಬು ತೆಗೆದು ನೋಡಿದರು. ಹಲಗೆ ದೂರ ಸರಿಸಿ ನೋಡಿದರು. ಸ್ವಿಚ್ಚನ್ನು ಮಗುವಿನ ಕೆನ್ನೆ ಮುಟ್ಟಿದಷ್ಟು ಮೆತ್ತಗೆ ಒತ್ತಿ ನೋಡಿದರು. ಹನ್ನೊಂದನೇ ಸಲ ಹಗ್ಗ ಎಳೆಯುವಾಗ ಮೇಷ್ಟ್ರ ಹೆಗಲಲ್ಲಿಯೂ 'ಕೊಕ್' ಎಂದಿತು.

ನಿಂತ ಮೋಟಾರು ಎದ್ದೇಳುವಾಗ ಮಾಮೂಲಿಗಿಂತ ಮೂರು ಪಟ್ಟು ಕರೆಂಟು ಕುಡಿಯುತ್ತದೆ. ಓಡತೊಡಗಿದ ಮೇಲೆ ಸಾಧುವಾಗುತ್ತದೆ. ಇದು ಮೇಷ್ಟ್ರು ಪಾಠ ಮಾಡುವ ಪುಸ್ತಕದಲ್ಲೇ ಇತ್ತು ಸ್ವಾಮಿ! ಪರೀಕ್ಷೆಗೆ ಬರುವುದಿಲ್ಲವೆಂದು ಇಪ್ಪತ್ತಾರು ವರ್ಷದಿಂದ ಆ ಒಂದು ಪುಟವನ್ನು ಅವರು ತಪ್ಪದೆ ಬಿಡಿಸುತ್ತ ಬಂದಿದ್ದರು. ಮಕ್ಕಳಿಗೆ ಬಿಡಿಸಿ ಬಿಡಿಸಿ ಕೊನೆಗೆ ಅವರ ತಲೆಯಿಂದಲೂ ಅದು ಬಿಟ್ಟುಹೋಗಿತ್ತು.

"ಭಾವ, ಬಾಡಿಗೆ ಅಂಗಡಿಯಾಕೆಗೇ ಫೋನ್ ಮಾಡಿ ಕೇಳೋಣ್ವಾ, ಏನು ಮಾಡ್ಬೇಕು ಅಂತ?"

"ಕೇಳೋದೇನಿದೆ? ಚಿಕ್ಕದು ಸಾಲಲಿಲ್ಲ, ದೊಡ್ಡದು ಬೇಕು. ಇದಕ್ಕೆ ಯಾರನ್ನಾದ್ರೂ ಕೇಳ್ಬೇಕಾ?" ಮೇಷ್ಟ್ರು ಫೋನ್ ಎತ್ತಿದರು. "ನೋಡಮ್ಮ, ನಿನ್ನ ಹತ್ರ ಇರೋದ್ರಲ್ಲೆಲ್ಲ ದೊಡ್ಡದು ಯಾವುದು?"

"ಸರ್, ಅದು ಮೈದಾನದಲ್ಲಿ ದೊಡ್ಡ ಸಭೆ ನಡೆದಾಗ ತರಿಸ್ತಾರೆ. ನಿಮಗೆ ಅಷ್ಟೊಂದು..."

"ಕಳಿಸು!"

ಹನ್ನೆರಡೂವರೆಗೆ ಅದು ಬಂತು. ಬಂತು ಎನ್ನುವುದು ಸಣ್ಣ ಮಾತು, ದಯಮಾಡಿಸಿತು! ಲಾರಿಯ ಹಿಂದೆ ಕಟ್ಟಿಕೊಂಡು, ನಾಲ್ಕು ಚಕ್ರಗಳ ಮೇಲೆ, ಟೈಲರಮ್ಮನ ಅಂಗಡಿಗಿಂತ ಅರ್ಧ ಅಡಿ ಎತ್ತರಕ್ಕೆ. ಗಲ್ಲಿಯ ಬಾಯಿಗೆ ಬಂದು ನಿಂತಿತು. ಒಳಗೆ ಹೋಗುವ ಪ್ರಶ್ನೆಯೇ ಇರಲಿಲ್ಲ, ಎರಡು ಕಡೆಯೂ ಗೋಡೆ ಒಡೆಯಬೇಕಿತ್ತು. ಅಲ್ಲಿಂದ ಅಂಗಡಿಗೆ ನೂರೈವತ್ತು ಅಡಿ. ಮೇಷ್ಟ್ರು ಮನೆಗೆ ಓಡಿ, ಟೇಬಲ್ ಫ್ಯಾನಿಗೆ ಹಾಕುತ್ತಿದ್ದ ಎಕ್ಸ್‌ಟೆನ್ಶನ್ ವೈರುಗಳನ್ನು ತಂದು ಒಂದಕ್ಕೊಂದು ಸೇರಿಸಿದರು.

"ಸಾರ್, ಈ ದಾರದಲ್ಲಾ?" ಎಂದ ಲಾರಿಯ ಡ್ರೈವರ್.

"ಅದು ವೈರು!"

"ಹೌದಾ," ಎಂದು ಡ್ರೈವರ್ ಇನ್ನಷ್ಟು ಬಗ್ಗಿ ನೋಡಿ, ತಲೆ ಕೆರೆದುಕೊಂಡು ಇಂಜಿನ್ ಚಾಲೂ ಮಾಡಿದ.

ಗಲ್ಲಿ ನಡುಗಿತು. ಮಳಿಗೆಗಳ ಶಟರುಗಳು ಗಡಗಡ ಎಂದವು. ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳ ಕೂಗು ಯಾರಿಗೂ ಕೇಳಿಸದೆ, ಪೂರ್ವಕ್ಕೆ ಹೋಗಬೇಕಾದವರು ಪಶ್ಚಿಮದ ಬಸ್ಸು ಹತ್ತಿದರು. ಪಕ್ಕದ ಮಳಿಗೆಯಲ್ಲಿ ಕಿಟಕಿಯ ಬೆಳಕಿಗೆ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದ ಯಜಮಾನರು ಹೊರಗೆ ಓಡಿಬಂದರು. ಬೈಗುಳಕ್ಕೆ ಸಿದ್ಧರಾಗಿ ಮೇಷ್ಟ್ರು ಕೈ ಮುಗಿದರು. ಆದರೆ ಯಜಮಾನರ ಮುಖ ಅರಳಿತ್ತು.

"ಮೇಷ್ಟ್ರೇ, ನಿಲ್ಲಿಸಬೇಡಿ! ಮೂರು ತಿಂಗಳಿಂದ ಏನು ಮಾಡಿದ್ರೂ ಓಡದೇ ಇದ್ದ ಏಳು ಗಡಿಯಾರ ಓಡ್ತಾ ಇವೆ! ಇನ್ನು ನಾಲ್ಕು ಬಾಕಿ ಇವೆ!"

ಓಡದಿದ್ದದ್ದು ಮರ ಕೊಯ್ಯುವ ಮಶೀನು ಮಾತ್ರ. ಹಲಗೆ ತಾಗಿಸಿದ ಕೂಡಲೇ ಅದು ಮುಲುಗಿತು, ಎರಡು ಬೆರಳಗಲ ಕೊಯ್ದಿತು, ನಿಂತಿತು. ತೆಳ್ಳಗಿನ ಉದ್ದ ವೈರು ಕರೆಂಟಿನ ಬಲವನ್ನು ದಾರಿಯಲ್ಲೇ ತಿಂದು ತಾನು ಬಿಸಿಯಾಗುತ್ತದೆ. ಇದೇನೂ ಬಿಟ್ಟ ಪುಟವಲ್ಲ. ಪ್ರತಿ ವರ್ಷ ಮೇಷ್ಟ್ರು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಎರಡು ಸಲ ಗೆರೆ ಎಳೆಯುತ್ತಿದ್ದ ಪಾಠ.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಟೈಲರಮ್ಮ ಬಂದರು. ಗಲ್ಲಿಯ ಬಾಯಿಂದ ವೈರಿನ ಜಾಡು ಹಿಡಿದೇ ನಡೆದು, ನಡುವೆ ಒಮ್ಮೆ ಬಗ್ಗಿ ಅದರ ಹತ್ತಿರ ಕೈ ಹಿಡಿದು ನೋಡಿದರು.

"ರೀ, ಇದರಲ್ಲಿ ಬಟ್ಟೆ ಇಸ್ತ್ರಿ ಮಾಡಬಹುದು!"

ಬಾಮೈದ ಓಡಿಹೋಗಿ ಜನರೇಟರ್ ನಿಲ್ಲಿಸಿದ. ಪಕ್ಕದಲ್ಲಿ ಏಳು ಗಡಿಯಾರಗಳೂ ಒಟ್ಟಿಗೇ ನಿಂತವು. ಒಮ್ಮೆಲೇ ಬಿದ್ದ ಮೌನದಲ್ಲಿ ಟೈಲರಮ್ಮ ಅಂಗಡಿಯೊಳಗೆ ನೋಡಿದರು. ಎರಡು ಗಂಟೆಯಾಗಿತ್ತು. ಹಲಗೆಗಳು ಬಂದ ಹಾಗೇ ಗೋಡೆಗೆ ಒರಗಿದ್ದವು. ಕೊಯ್ದದ್ದು ಒಟ್ಟು ಎರಡು ಬೆರಳು.

ಮೇಷ್ಟ್ರು ಬೈಗುಳಕ್ಕೆ ಕಾದರು. ಬೈಗುಳ ಬರಲಿಲ್ಲ.

"ಪರವಾಗಿಲ್ಲ ಬಿಡಿ. ನಾಳೆ ನೆಲದ ಮೇಲೆ ಚಾಪೆ ಹಾಕಿ ಕೂರ್ತೀನಿ. ಮನೇಲಿ ಕೂತಿರಲಿಲ್ವಾ, ಹಾಗೇ." ಡಬ್ಬಿ ಇಟ್ಟು ಆಕೆ ಹೊರಟುಹೋದರು.

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ತಿರುಗಿ ಎರಡು ಮಾತು ಅಂದು ಹಗುರಾಗುತ್ತಿದ್ದರು. 'ಪರವಾಗಿಲ್ಲ' ಎಂಬ ಮಾತಿಗೆ ಏನೆಂದು ಉತ್ತರ ಕೊಡುವುದು? ಡಬ್ಬಿಯ ಮುಚ್ಚಳ ತೆಗೆಯುವ ಮನಸ್ಸೂ ಆಗಲಿಲ್ಲ. ಎದ್ದವರೇ ಬಾಡಿಗೆ ಅಂಗಡಿಗೆ ನಡೆದರು. ಈ ಸಲ ಕುರ್ಚಿಯಲ್ಲಿ ಕೂತರು. ಕೂತು, ಇಪ್ಪತ್ತಾರು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ಹೇಳದ ಮಾತು ಹೇಳಿದರು:

"ನನಗೆ ಗೊತ್ತಾಗ್ತಾ ಇಲ್ಲಮ್ಮ. ನೀನೇ ಹೇಳು."

ಆಕೆ ನಗಲಿಲ್ಲ. ಪೆನ್ನು ತೆಗೆದು ಮೇಷ್ಟ್ರ ಕಾಗದದ ಹಿಂಬದಿಯಲ್ಲೇ ಬರೆದಳು. "ಓಡುವಾಗ ಸಾವಿರದ ನಾನೂರು. ಏಳುವಾಗ ಮೂರು ಪಟ್ಟು ಹಿಡೀರಿ ಸರ್, ನಾಲ್ಕು ಸಾವಿರದ ಇನ್ನೂರು. ಮೇಲೆ ಬಲ್ಬು. ಐದು ಸಾವಿರದ್ದು ಆರಾಮಾಗಿ ತಡಕೊಳ್ಳತ್ತೆ. ಇಬ್ಬರು ಎತ್ತಿದ್ರೆ ಅಂಗಡಿ ಬಾಗಿಲ ಹತ್ರಕ್ಕೇ ಬರತ್ತೆ, ಆದ್ರೆ ಹೊರಗೇ ಇರಲಿ, ಹೊಗೆ ಒಳಗೆ ಬರಬಾರದು. ದಪ್ಪ ವೈರು ನಾನೇ ಕೊಡ್ತೀನಿ."

ಮೇಷ್ಟ್ರು ಕಾಗದವನ್ನು ಮೂರು ಸಲ ನೋಡಿದರು. ಒಂದು ತಪ್ಪಿಲ್ಲ. "ಇದನ್ನೆಲ್ಲ ಎಲ್ಲಿ ಕಲಿತೆ?"

"ನಿಮ್ಮ ಪಾಠದಲ್ಲೇ ಸರ್. ಆ ಪುಟ ಯಾರೂ ಓದಬೇಡಿ ಅಂದ್ರಲ್ಲ, ಅಂಥದ್ದೇನಿದೆ ಅಂತ ಕುತೂಹಲ ಆಯ್ತು. ಇಡೀ ಪುಸ್ತಕದಲ್ಲಿ ನಾನು ಓದಿದ್ದು ಅದೊಂದೇ ಪುಟ!"

ಮೂರನೇ ಜನರೇಟರ್ ಬಂತು. ಬಾಮೈದ "ರೈಟ್!" ಎಂದ. ಮಶೀನು ಎದ್ದಾಗ ಜನರೇಟರ್ ಒಂದು ಸಲ ಉಸಿರು ಬಿಗಿಹಿಡಿದು ಗುಟುರು ಹಾಕಿತು, ಆಮೇಲೆ ಹದಕ್ಕೆ ಬಂದು ಓಡತೊಡಗಿತು. ಹಲಗೆ ಸರ್ರನೆ ಸೀಳಿತು! ಮರದ ಪುಡಿ ಚಿಮ್ಮಿ ಮೇಷ್ಟ್ರ ಹುಬ್ಬು ಮೀಸೆಗಳೆಲ್ಲ ಹಳದಿಯಾದವು. ಬಾಮೈದ ಕುಣಿದ. ಗಡಿಯಾರದ ಯಜಮಾನರು ಮಾತ್ರ ಇದರ ನಡುಕ ಸಾಲದೆಂದು ಬೇಜಾರು ಮಾಡಿಕೊಂಡರು.

ಅಲ್ಲಿಂದ ಮುಂದೆ ಮೇಷ್ಟ್ರನ್ನು ಹಿಡಿಯುವವರೇ ಇರಲಿಲ್ಲ. ಮೂರು ಕಪಾಟು ಸಾಕಿತ್ತು, ಆರು ಮಾಡಿದರು. ಉಳಿದ ತುಂಡಿನಲ್ಲಿ ಬಾಮೈದನಿಗೆ ಒಂದು ಮಣೆ ಮಾಡಿದರು. ಬೇಡವೆಂದರೂ ಗಡಿಯಾರದವರಿಗೊಂದು ಪೆಟ್ಟಿಗೆ ಮಾಡಿದರು. ಭಾನುವಾರ ಬೆಳಗ್ಗೆ ಏಳಕ್ಕೇ ಹಾಜರಾಗಿ, ಟೈಲರಮ್ಮನ ಮಶೀನು, ಸ್ಟೂಲು, ಕತ್ತರಿ, ನೂಲಿನ ಡಬ್ಬಗಳನ್ನೆಲ್ಲ ಒಳಗೆ ಓರಣವಾಗಿ ಜೋಡಿಸಿದರು. ಆಮೇಲೆ ಕೌಂಟರ್! ಎದೆಮಟ್ಟದ ಎತ್ತರ, ನೆಲದವರೆಗೂ ಮುಂದಿನ ಹಲಗೆ. ಬಾಮೈದ ಹೊರಗಿನಿಂದ ಒತ್ತಿ ಹಿಡಿದ, ಮೇಷ್ಟ್ರು ಒಳಗಿನಿಂದ ಡ್ರಿಲ್ಲು ಹಿಡಿದು ಬಿಗಿದರು. ಎರಡು ತಲೆಮಾರು ಅಲ್ಲಾಡಬಾರದೆಂದು ಮೊದಲು ಅಂಟು ಬಳಿದು, ಅದರ ಮೇಲೆ ಅರವತ್ತು ಸ್ಕ್ರೂ ಹಾಕಿದರು. ಹತ್ತು ಗಂಟೆಗೆ ಬಾಡಿಗೆ ಅಂಗಡಿಯಾಕೆ ವ್ಯಾನು ಕಳಿಸಿದಳು. ಜನರೇಟರ್, ಜೊತೆಗೆ ಬಡಗಿಗೆ ತಲುಪಿಸಬೇಕಾದ ಮರ ಕೊಯ್ಯುವ ಮಶೀನು, ಡ್ರಿಲ್ಲು ಎಲ್ಲ ಹೊರಟುಹೋದವು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಟೈಲರಮ್ಮ ಬಂದರು. ಒಳ್ಳೆಯ ಬಟ್ಟೆ ಉಟ್ಟಿದ್ದರು, ಕೊರಳಲ್ಲಿ ಅಳತೆಯ ಟೇಪು. ಹಿಂದೆಯೇ ಹನ್ನೆರಡು ಜನ ನರ್ಸುಗಳು. ಹರಿದ ಜಿಪ್ಪಿನ ಜಾಕೆಟ್ ಹಿಡಿದು ಬಾಡಿಗೆ ಅಂಗಡಿಯಾಕೆಯೂ ಬಂದಿದ್ದಳು. ಕೌಂಟರಿನ ಹಿಂದೆ ಮೇಷ್ಟ್ರು ಬಟ್ಟೆಯ ಚೂರಿನಿಂದ ಪುಡಿ ಒರೆಸುತ್ತ, ರಾಜ್ಯ ಗೆದ್ದವರ ಗತ್ತಿನಲ್ಲಿ ನಿಂತಿದ್ದರು.

ಟೈಲರಮ್ಮ ಕೌಂಟರಿನ ಮೇಲೆ ಅಂಗೈ ಇಟ್ಟು ಈ ತುದಿಯಿಂದ ಆ ತುದಿಯವರೆಗೆ ಸವರಿದರು. ಕಣ್ಣಲ್ಲಿ ನೀರಾಡಿತು.

"ಎಷ್ಟು ಚೆನ್ನಾಗಿದೆ ರೀ!"

ಮೇಷ್ಟ್ರಿಗೆ ಹೆಗಲ ನೋವು, ಎರಡು ಹಗಲಿನ ಪರದಾಟ ಎಲ್ಲ ಮರೆತೇಹೋಯಿತು.

ಟೈಲರಮ್ಮ ಎಡಗಡೆಗೆ ಹೋದರು. ಗೋಡೆ. ಬಲಗಡೆಗೆ ಬಂದರು. ಗೋಡೆ. ಮತ್ತೆ ಎಡಗಡೆಗೆ ಹೋಗಿ, ಈ ಸಲ ಬೆರಳಿನಿಂದ ಮೂಲೆ ತಡವಿ ನೋಡಿದರು.

"ರೀ, ನಾನು ಒಳಗೆ ಬರೋದು ಎಲ್ಲಿಂದ?"

ಮೇಷ್ಟ್ರು ಎಡಗಡೆ ನೋಡಿದರು. ಬಲಗಡೆ ನೋಡಿದರು. ಹಿಂದೆ ನೋಡಿದರು, ಅಲ್ಲಿ ಅವರೇ ಮಾಡಿದ ಆರು ಕಪಾಟುಗಳು ಸಾಲಾಗಿ ನಿಂತು ಅವರನ್ನೇ ನೋಡುತ್ತಿದ್ದವು.

"ಹೋಲ್ಡಾನ್!" ಎಂದ ಬಾಮೈದ, ಬಹಳ ಮೆಲ್ಲಗೆ.

"ಈ... ಈ ಸ್ಟೂಲ್ ಹತ್ತಿ ದಾಟಬಹುದು," ಎಂದರು ಮೇಷ್ಟ್ರು.

"ದಿನಕ್ಕೆ ನಲವತ್ತು ಸಲಾನಾ?"

"ಹಾಗಾದ್ರೆ ಬಿಚ್ತೀನಿ. ಅಯ್ಯೋ, ಅಂಟು! ಹಾಗಾದ್ರೆ ಕೊಯ್ತೀನಿ. ಜನರೇಟರ್..."

"ಅದು ಆಗಲೇ ಬೇರೆ ಊರಿನ ದಾರಿ ಹಿಡಿದಿದೆ ಸರ್," ಎಂದಳು ಬಾಡಿಗೆ ಅಂಗಡಿಯಾಕೆ.

ಹಿರಿಯ ನರ್ಸಮ್ಮ ಕೈಗಡಿಯಾರ ನೋಡಿಕೊಂಡರು. "ಟೈಲರಮ್ಮ, ಹನ್ನೆರಡಕ್ಕೆ ನಮ್ಮ ಡ್ಯೂಟಿ. ಇವತ್ತು ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ."

ಮೇಷ್ಟ್ರು ವ್ಯಾಟುಗಳ ಹಿಂದೆ ಓಡಿ ಓಡಿ, ಹೆಂಡತಿ ಎಂಬೊಬ್ಬಳು ಈ ಅಂಗಡಿಯ ಒಳಗೆ ಬರಬೇಕು ಎಂಬುದನ್ನೇ ಮರೆತಿದ್ದರು! ಅಲ್ಲೇ ಕೌಂಟರಿನ ಕೆಳಗೆ ಕುಕ್ಕರಿಸಿ ಮುಖ ಮುಚ್ಚಿಕೊಳ್ಳೋಣ ಅನ್ನಿಸಿತು.

ಬಾಡಿಗೆ ಅಂಗಡಿಯಾಕೆ ರಸ್ತೆಗೆ ಓಡಿ, ತನ್ನ ಸ್ಕೂಟರಿನ ಡಿಕ್ಕಿ ತೆಗೆದು ತಡಕಾಡಿ, ಹಿಡಿ ಸವೆದ ಒಂದು ಸಣ್ಣ ಗರಗಸ ತಂದಳು. "ಅಕ್ಕ, ಇದನ್ನ ಯಾರೂ ಬಾಡಿಗೆಗೆ ಕೇಳಲ್ಲ. ಸುಮ್ನೆ ಬಿದ್ದಿತ್ತು."

ಟೈಲರಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿದರು. ಕೊರಳ ಟೇಪು ತೆಗೆದು, ಎಲ್ಲರ ಮುಂದೆ, ತಮ್ಮದೇ ಅಳತೆ ತೆಗೆದುಕೊಂಡರು. ಬಟ್ಟೆಗೆ ಬಿಡುವ ಹಾಗೆ ಎರಡು ಬೆರಳು ಸಡಿಲ ಬಿಟ್ಟು, ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಯ ಬದಿಗೆ ಒಂದು ನೇರ ಗೆರೆ ಎಳೆದರು. ಗರಗಸ ಇಟ್ಟರು. ಕರಕ್, ಕರಕ್, ಕರಕ್. ಅವಸರವಿಲ್ಲ, ಗುರ್ ಇಲ್ಲ, ಕೊಕ್ ಇಲ್ಲ. ನರ್ಸುಗಳಲ್ಲೊಬ್ಬಳು ಹಲಗೆ ಹಿಡಿದಳು, ಇನ್ನೊಬ್ಬಳು ಪುಡಿ ಊದಿದಳು. ಉಳಿದವರು ಆಪರೇಶನ್ ನೋಡುವ ಹಾಗೆ ಸುತ್ತ ನಿಂತರು. ಹದಿನೈದು ನಿಮಿಷಕ್ಕೆ ಗೆರೆ ಮುಗಿಯಿತು. ಬಾಮೈದ ಭುಜ ಕೊಟ್ಟು ತಳ್ಳಿದ ಏಟಿಗೆ ಗೋಡೆಯ ಸ್ಕ್ರೂಗಳೇ ಕಿತ್ತು ಬಂದು ಆ ತುಂಡು ಧಡ್ ಎಂದು ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ರಿಬ್ಬನ್ ಕತ್ತರಿಸಿ ತೆರೆದ ಅಂಗಡಿಗಳು ಊರ ತುಂಬ ಇವೆ. ಹಲಗೆ ಕತ್ತರಿಸಿ ತೆರೆದದ್ದು ಇದೊಂದೇ!

ಟೈಲರಮ್ಮ ಆ ಸಂದಿಯಲ್ಲಿ ಸಲೀಸಾಗಿ ಒಳಗೆ ನಡೆದು, ತಮ್ಮ ಮಶೀನಿನ ಮೇಲೆ ಕೈಯಿಟ್ಟು ಒಂದು ದೀರ್ಘ ಉಸಿರು ಬಿಟ್ಟರು. ಆಮೇಲೆ ಗಂಡನ ಕಡೆ ತಿರುಗಿದರು.

"ಇನ್ನು ನೀವು ಹೊರಗೆ ಹೊರಡಿ."

ಮೇಷ್ಟ್ರು ಹೊರಟರು. ಭುಜ ಹೋಯಿತು. ಕಾಲು ಹೋಯಿತು. ಹೊಟ್ಟೆ ಹೋಗಲಿಲ್ಲ. ಉಸಿರು ಎಳೆದರು, ಅಡ್ಡ ತಿರುಗಿದರು, ಇನ್ನೊಂದು ಕಡೆಯಿಂದ ಅಡ್ಡ ತಿರುಗಿದರು. ಎಲ್ಲ ದಿಕ್ಕಿನಿಂದಲೂ ಅಷ್ಟೇ ಇದ್ದರು.

"ಇನ್ನೊಂದು ನಾಲ್ಕು ಬೆರಳು ಕೊಯ್ಯೇ ಮಾರಾಯ್ತಿ!"

"ಯಾಕೆ? ದಿನಾ ಓಡಾಡೋಳು ನಾನು. ನನಗೆ ಸರಿಯಾಗಿದೆ."

"ಸ್ಟೂಲ್ ಹತ್ತಿ ಹಾರ್ತೀನಿ ಹಾಗಾದ್ರೆ!"

"ಹಾರಿ ಸರ್, ಹಾರಿ," ಎಂದರು ಹಿರಿಯ ನರ್ಸಮ್ಮ ತುಂಬು ವಿಶ್ವಾಸದಿಂದ. "ಬಿದ್ರೆ ನಾವು ಹನ್ನೆರಡು ಜನ ಇದ್ದೀವಲ್ಲ."

ಮೇಷ್ಟ್ರು ಸ್ಟೂಲನ್ನು ಕೆಳಗಿಟ್ಟು ಅದರ ಮೇಲೆ ಕೂತರು. ಟೈಲರಮ್ಮ ಒಂದು ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ಅವರ ತೊಡೆಯ ಮೇಲಿಟ್ಟು, ಸಂದಿಯಲ್ಲಿ ಸರ್ರನೆ ಹೊರಗೆ ಹೋಗಿ ಮೊದಲ ನರ್ಸಿನ ಹೆಗಲಿಗೆ ಟೇಪು ಹಿಡಿದರು. ಅಂಗಡಿ ಶುರುವಾಯಿತು.

"ಭುಜ ಹದಿನೈದು. ಬರಕೊಂಡ್ರಾ?"

"ಬರಕೊಂಡೆ."

"ತೋಳು ಇಪ್ಪತ್ತೆರಡು. ಎದೆ ಮೂವತ್ತಾರು. ಬರಕೊಂಡ್ರಾ?"

ಒಳಗಿನಿಂದ ಉತ್ತರ ಬರಲಿಲ್ಲ. ಟೈಲರಮ್ಮ ಕೌಂಟರಿನ ಮೇಲಿಂದ ಬಗ್ಗಿ ನೋಡಿದರು. ಮೇಷ್ಟ್ರು ಪೆನ್ಸಿಲ್ ಕಚ್ಚಿಕೊಂಡು, ಹುಬ್ಬು ಗಂಟಿಕ್ಕಿ, ಭುಜ, ತೋಳು, ಎದೆಗಳ ಕೆಳಗೆ ನೀಟಾಗಿ ಒಂದು ಗೆರೆ ಎಳೆಯುತ್ತಿದ್ದರು.

"ರೀ!" ಎಂದರು ಟೈಲರಮ್ಮ. "ನಿಮ್ಮ ದಮ್ಮಯ್ಯ, ಕೂಡಿಸಬೇಡಿ!"